ಒತ್ತು, ಹಿಡಿ, ಬಿಡು

ಖೂಲೋ ಊರಿನ ಮೇಲ್ಗಡೆ, ನಮ್ಮ ಅಂಗಳದಲ್ಲಿ
ಸಮತಟ್ಟು ಜಾಗವೆಂದರೆ ಒಂದೇ:
ಅಕ್ರೋಟು ಮರದ ಬುಡದ ಹಾಸುಗಲ್ಲು.
ಹಳೆಯ ನೀವಾ ಗಾಡಿಯನ್ನು
ಮೊದಲನೇ ಗೇರಿನಲ್ಲಿ ತೆವಳಿಸಿ ತಂದು ನಿಲ್ಲಿಸಿದೆ.
ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು,
ಹಿಂದಿನ ಅಚ್ಚಿನಡಿ ಎರಡು ಕಬ್ಬಿಣದ ಸ್ಟ್ಯಾಂಡು.
ಬರೀ ಜಾಕು ನಂಬಿ ಗಾಡಿಯಡಿ ನುಗ್ಗುವವನು
ನಮ್ಮೂರಲ್ಲೊಬ್ಬನಿದ್ದ.
ಇದ್ದ, ಅಷ್ಟೆ.

ಪೆಡಲು ತುಳಿಯಲು ಇನ್ನೊಂದು ಕಾಲು ಬೇಕು.
ಮಗನದು ಇನ್ನೂ ಎಟುಕದು. ಅವನನ್ನೇ ಕಳಿಸಿದೆ
ಅಣ್ಣ ನುಗ್ಜಾರನನ್ನು ಕರೆತರಲು.
ಬಂದ. ಮುಖ ನೋಡಲಿಲ್ಲ. ಸೀಟಿನಲ್ಲಿ ಕೂತ.
ಹುಲ್ಲು ಕೊಯ್ಲಿನಿಂದೀಚೆಗೆ ನಮ್ಮಿಬ್ಬರಲ್ಲಿ
ಉಪ್ಪು ಕೊಡು ಎನ್ನುವಷ್ಟೂ ಮಾತಿಲ್ಲ.

ಬತೂಮಿ ಸಂತೆಗೆಂದು ಚೀಸಿನ ಪೀಪಾಯಿ ಹೇರಿ
ಗೋದೆರ್ಜಿ ಘಟ್ಟ ಇಳಿಯುತ್ತಿದ್ದ ಅವನು.
ಊರಿನ ತಿರುವಿನಲ್ಲಿ ಗಾಡಿ ನಿಲ್ಲಲಿಲ್ಲ.
ಜಾಜುನಾ ಮುದುಕಿಯ ಬೇಲಿ, ಮೂರು ಜೇನುಪೆಟ್ಟಿಗೆ,
ಎಲ್ಲ ನುಚ್ಚುನೂರು.
"ಬ್ರೇಕು ಹಿಡಿಯಲಿಲ್ಲ" ಅಂದ ಅಣ್ಣ.
"ಎಣ್ಣೆ ಹೊಡೆದಿದ್ದ" ಅಂದಿತು ಊರು.
ಮಾರನೆಯ ದಿನ ನೋಡಿದರೆ ಪೆಡಲು ಸರಿಯಾಗೇ ಇತ್ತು,
ಯಾರು ನಂಬುತ್ತಾರೆ?
ಹಾಗಂದವಳು ನಿನ್ನ ತಂಗಿಯೇ ಅಂತೆ ಎಂದು
ಯಾರೋ ಅವನ ಕಿವಿಯಲ್ಲಿ ಊದಿದರು.
ನಾನು ಅಂದಿರಲಿಲ್ಲ.
ಅಲ್ಲವೆಂದೂ ಅಂದಿರಲಿಲ್ಲ.

ದೂರದ ಗಾಲಿ ಮೊದಲು: ಹಿಂದಿನ ಬಲಗಡೆಯದು.
ಕಣ್ಣಿಗೆ ಕನ್ನಡಕ. ನಿಪ್ಪಲಿಗೆ ತೆಳು ಕೊಳವೆ,
ಅದರ ತುದಿ ಹುಳಿಪ್ಲಮ್ ಚಟ್ನಿಯ ಹಳೆ ಜಾಡಿಯಲ್ಲಿ,
ಹೊಸ ಎಣ್ಣೆಯೊಳಗೆ ಮುಳುಗಿ.
"ಒತ್ತು."
"ಒತ್ತಿದೆ."
"ಹಿಡಿ."
"ಹಿಡಿದೆ."
ಕಾಲು ಸುತ್ತು ಸಡಿಲಿಸಿದೆ, ಅವನ ಕಾಲು ನೆಲಕ್ಕಿಳಿಯಿತು.
"ನಾನು ಹೇಳುವ ತನಕ ಬಿಡಬೇಡ."
ಬಿಗಿದೆ.
"ಬಿಡು."
"ಬಿಟ್ಟೆ."

ನಡುವೆ ಬಿಟ್ಟರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ.
ಬಿಡಲಿಲ್ಲ ಅವನು. ಪಟ್ಟು ಹಿಡಿಯುವುದರಲ್ಲಿ
ನಮ್ಮ ಮನೆತನಕ್ಕೆ ಸಾಟಿಯಿಲ್ಲ.
ಮೇಲಿನ ಡಬ್ಬಿ ಬತ್ತದಂತೆ ಮಗ ಹೊಯ್ಯುತ್ತಿದ್ದ,
ಬಣ್ಣದ ಮೇಲೆ ತುಳುಕಿದ್ದಕ್ಕೆ ಕೂಡಲೇ ನೀರು.

ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ
ಕೊಳವೆಯಲ್ಲಿ ಬಂತು ಕಂದು ಕಷಾಯ,
ಜೊತೆಗೆ ನಾಲ್ಕಾರು ಗುಳ್ಳೆ, ಸಾಸಿವೆಯಷ್ಟು.
ವರ್ಷಗಟ್ಟಲೆ ತೇವ ಹೀರಿದ ಎಣ್ಣೆ.
ಇಳಿಜಾರಿನಲ್ಲಿ ಕಾದು, ಕುದಿದು, ಆವಿಯಾಗಿ,
ತಣಿದ ಮೇಲೆ ಏನೂ ಆಗದಂತೆ ಕೂತ ಎಣ್ಣೆ.
ಕುಡಿದದ್ದು ಅದು. ನೀರು.
ಊರ ಗಾಳಿಮಾತಿಗೆ ಇಂಥದೊಂದು ನಿಪ್ಪಲಿಲ್ಲ.

ತೆವಳಿ ಹೊರಬಂದು ಜಾಡಿಯನ್ನು
ಅವನ ಕಿಟಕಿಗೆ ಎತ್ತಿ ಹಿಡಿದೆ.
"ಐದು ವರ್ಷದಿಂದ ಬದಲಿಸಿಲ್ಲ.
ಬದಲಿಸಬೇಕಾಗಿದ್ದವಳು ನಾನು."
ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.
"ಇನ್ನೂ ಮೂರು ಗಾಲಿ ಇವೆ" ಅಂದ.

ಸಂಜೆಗೆ ಪೆಡಲು ಕಲ್ಲಿನಂತಾಯಿತು.
ಎಂಜಿನ್ ಚಾಲೂ ಮಾಡಿ ತುಳಿದರೂ ಕುಸಿಯಲಿಲ್ಲ.
ನಿಪ್ಪಲುಗಳನ್ನು ಒರೆಸಿ ಮುಟ್ಟಿದೆ, ಒಣಗಿದ್ದವು.
ಅಂಗಳದಲ್ಲೇ, ಕರು ನಡೆಯುವ ವೇಗದಲ್ಲಿ,
ಹ್ಯಾಂಡ್ ಬ್ರೇಕಿನ ಮೇಲೊಂದು ಕೈಯಿಟ್ಟು
ಹತ್ತು ಸಲ ಓಡಿಸಿದ, ಹತ್ತು ಸಲ ನಿಲ್ಲಿಸಿದ.
ರಸ್ತೆಗೆ ಇಳಿಸುವುದು ನಾಳೆ.

ಜಾಡಿಯನ್ನು ಅವನು ಬೀದಿಕಡೆಯ ಕಟ್ಟೆಯ ಮೇಲಿಟ್ಟ,
ಹೋಗಿಬರುವವರಿಗೆ ಕಾಣುವ ಹಾಗೆ.
"ಮುಚ್ಚಳ ಹಾಕೋ, ವಿಷ ಅದು. ಬೆಕ್ಕು ನೆಕ್ಕೀತು" ಅಂದೆ.
ಹಾಕಿದ.