ಬಹುದು, ತಕ್ಕದ್ದು

ಮೇಡಂ, ಈಗ ಕಾರಿನಲ್ಲಿ ನಾವಿಬ್ಬರೇ.
ಬೆಳಗಿನಿಂದ ನಿಮ್ಮ ಬಾಯಿ ನಾನು, ಕಿವಿಯೂ ನಾನೇ.
ಇನ್ನು ಸ್ವಲ್ಪ ಹೊತ್ತು
ನನ್ನ ಬಾಯಿ ನನಗಿರಲಿ.

ಏಳೂವರೆಗೆ ಟೈರ್ ಅಂಗಡಿ. ಅಲ್ಲಿ ನನಗೆ ಕೆಲಸವಿರಲಿಲ್ಲ.
ಯಜಮಾನ ಕೇಳಿದ್ದು ತೆರಿಗೆ, ತೆರಿಗೆ, ಆಮೇಲೆ ರಸ್ತೆಯ ಗುಂಡಿ.
ಗುಂಡಿಯಿಂದ ನಿನಗೇ ಲಾಭವಲ್ಲವೇನಯ್ಯಾ ಅಂದಿರಿ,
ನಕ್ಕ. ಆ ನಗೆ ಓಟಾಗುತ್ತದೆ, ಬಲ್ಲೆ.

ಒಂಬತ್ತಕ್ಕೆ ಕೋಳಿ ಕಾರ್ಖಾನೆ.
ನಿಮಗೂ ತೊಡಿಸಿದರು ಬಿಳಿ ಕೋಟು, ತಲೆಗೆ ಬಲೆ,
ಮೊಣಕಾಲುದ್ದದ ರಬ್ಬರ್ ಬೂಟು.
ಸಾಲಿನಲ್ಲಿದ್ದ ನೈಬ್ವೆ ಕತ್ತರಿ ನಿಲ್ಲಿಸದೆ
ಕಣ್ಣಲ್ಲೇ ನಮಸ್ಕರಿಸಿದಳು:
ನಿಮಿಷಕ್ಕೆ ನಲವತ್ತು ರೆಕ್ಕೆ ಅವಳ ಕೈಯಡಿ ಹಾಯುತ್ತವೆ,
ಒಂದೂ ಹಾರಿದ್ದಲ್ಲ.
"ಕೈ ನೋಯುತ್ತದೆಯೇ?" ಎಂದಿರಿ.
"ಇಲ್ಲ" ಎಂದಳು. ನಾನೂ "ಇಲ್ಲ" ಎಂದೆ.
ರಾತ್ರಿ ಆ ಬೆರಳು ಬಿಡಿಸಲು ಬಿಸಿನೀರಿನ ಬೋಗುಣಿ ಬೇಕು.
ಇಡುವವಳು ನಾನು; ನನ್ನ ತಂಗಿ ಅವಳು.

ಹನ್ನೊಂದಕ್ಕೆ ಕೆಜ್ಜೋ ಅಜ್ಜನ ಅಂಗಡಿ.
ಅರ್ಕಾನ್ಸಾದ ಈ ಬೀದಿಗೆ ಯಾವ ಕಡಲೂ ಹತ್ತಿರವಿಲ್ಲ,
ಆದರೂ ಬಾಗಿಲು ತೆರೆದರೆ ಉಪ್ಪುಮೀನಿನ ವಾಸನೆ.
ಮಂಜುಪೆಟ್ಟಿಗೆಯಲ್ಲಿ ಕಲ್ಲಾಗಿ ಮಲಗಿದ ದೀವಿಹಲಸು,
ಗೋಡೆಗೆ ಕೇದಗೆ ಗರಿಯ ಬೀಸಣಿಗೆ, ಐವತ್ತು ಪೌಂಡಿನ ಅಕ್ಕಿಮೂಟೆ,
ಮೂಟೆಯ ಮೇಲೆ ಮೊಮ್ಮಗಳು, ಕೈಯಲ್ಲಿ ಉಕುಲೆಲೆ.
ನೀವೊಂದು ಕವಡೆಸರ ಕೊಂಡಿರಿ. ಚಿಲ್ಲರೆ ಬೇಡವೆಂದಿರಿ.
ಫೋಟೋದ ಹುಡುಗ ತಪ್ಪಿಸಿಕೊಂಡನೆಂದು
ಎರಡನೆಯ ಸಲ ಕೊಂಡಿರಿ ಅದನ್ನೇ.

ಹಾಗೆಂದು ಹಗುರಾಗಿ ಎಣಿಸಿಲ್ಲ ನಿಮ್ಮನ್ನು.
ಆ ಕಡತ ನಾನೂ ಓದಿದ್ದೇನೆ.
ದ್ವೀಪದವರಿಗೆ ವೈದ್ಯಕೀಯ ನೆರವು "ನೀಡಬಹುದು" ಎಂದಿತ್ತು.
ಬಹುದನ್ನು ಹೊಡೆದು ತಕ್ಕದ್ದು ಬರೆಸಲು
ಹನ್ನೊಂದು ತಿಂಗಳು ತಿರುಗಿದಿರಿ
ಬಾಗಿಲಿಂದ ಬಾಗಿಲಿಗೆ, ಚಪ್ಪಲಿ ಸವೆದ ಸೊಸೈಟಿ ಏಜೆಂಟರ ಹಾಗೆ.
ಒಬ್ಬರಿಗೆ ಭೂಪಟವನ್ನೇ ಬಿಡಿಸಿ ತೋರಿಸಿದಿರಂತೆ.
ನೊಣ ಕೂತ ಕಲೆಯಲ್ಲವೇ ಇದು, ಅಂದರಂತೆ ಅವರು,
ಉಗುರಲ್ಲಿ ಕೆರೆದೂ ನೋಡಿದರಂತೆ.
ಅಲ್ಲ. ಅದು ನಾನು ಹುಟ್ಟಿದ ಊರು.
ಕೆರೆದರೆ ಹೋಗುವುದಿಲ್ಲ.
ಕಡಲೇರಿದರೆ ಹೋದೀತು.

ಈಗ ವಿಷಯಕ್ಕೆ ಬರುತ್ತೇನೆ.
ಹೊರಡುವಾಗ ನಿಮ್ಮೆರಡೂ ಕೈ ಹಿಡಿದು
ಅಜ್ಜ ಬಹಳ ಹೊತ್ತು ಮಾತಾಡಿದ.
ಧನ್ಯವಾದ ಹೇಳುತ್ತಿದ್ದಾರೆ ಎಂದೆ.
"ಇಷ್ಟುದ್ದಕ್ಕೆ?" ಎಂದಿರಿ.
ನಮ್ಮಲ್ಲಿ ಧನ್ಯವಾದ ಉದ್ದ, ಎಂದೆ.
ಸುಳ್ಳು. ನಮ್ಮಲ್ಲೂ ಅದು ಎರಡೇ ಮಾತು.

ಅಜ್ಜ ಹೇಳಿದ್ದು ಇದು:
"ನನಗಾಗ ಆರು ವರ್ಷ. ಬಿಳಿ ಅಂಗಿಯವನೊಬ್ಬ ದಂಡೆಗೆ ಬಂದ,
ನಿನ್ನ ಹಾಗೇ ಕುಕ್ಕರಗಾಲಲ್ಲಿ ಕೂತ, ಇಂಥದೇ ಸರದ ಬೆಲೆ ಕೇಳಿದ.
ಸ್ವಲ್ಪ ದಿನ ಊರು ಬಿಡಿ, ಬೇಗ ಮರಳುವಿರಿ ಅಂದ.
ಅಮ್ಮ ನಂಬಿದಳು. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ
ದೋಣಿ ಹತ್ತಿದಳು, ಬಂದವಳು ಊದಿ ಹೊತ್ತಿಸಲೆಂದು.
ಆ 'ಮರಳುವಿರಿ' ಎಂಬುದು
ಬಹುದೋ, ತಕ್ಕದ್ದೋ?
ಈ ಮಗಳನ್ನು ಕೇಳು. ಅವಳಿಗೆ ಇಂಥವು ಗೊತ್ತಂತೆ."

ಆಮೇಲೆ ನಕ್ಕ. ನೀವೂ ನಕ್ಕಿರಿ, ತಿಳಿಯದೆ.
"ಇಪ್ಪತ್ತು ವರ್ಷದ ಒಪ್ಪಂದವಂತೆ.
ಮುಗಿದಾಗ ನನಗೆ ನೂರ ನಾಲ್ಕು.
ಬರಹೇಳು, ಕೂತು ಮಾತಾಡೋಣ.
ಚಿಲ್ಲರೆ ಅಲ್ಲಿಯವರೆಗೆ ಇಟ್ಟಿರುತ್ತೇನೆ."

ನಾಳೆ ಬುಧವಾರ, ಅವನ ಡಯಾಲಿಸಿಸ್.
ನಿಮ್ಮ ತಕ್ಕದ್ದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾನೆ,
ಇದೂ ನಿಜ. ಅದನ್ನೂ ಹೇಳಬೇಕು.

ಮೂರಕ್ಕೆ ಡೋನಟ್ ಅಂಗಡಿ, ಎಡಗಡೆ ತಿರುವು.
ಅಲ್ಲಿ ಎಲ್ಲರಿಗೂ ನಿಮ್ಮ ಭಾಷೆ ಬರುತ್ತದೆ,
ನಾನು ಕಾರಿನಲ್ಲೇ ಇರುತ್ತೇನೆ.
ಎರಡು ಸರದಲ್ಲಿ ಒಂದು ಸೀಟಿನ ಸಂದಿಗೆ ಬಿದ್ದಿದೆ, ನೋಡಿ.
ಇಲ್ಲ, ಆ ಕಡೆ.