ಎಡಗಾಲಿನೊಡನೆ ಕರಾರು

ಬೆಳಿಗ್ಗೆ ಮಂಚದಿಂದಿಳಿಯುವ ಮೊದಲ ಹೆಜ್ಜೆ
ಹೆಜ್ಜೆಯಲ್ಲ, ವಿಚಾರಣೆ.
ಗಿಣ್ಣಿನ ಹಿಂದೆ, ಒಳಮಗ್ಗುಲಲ್ಲಿ,
ರಾತ್ರಿಯಿಡೀ ಒಣಗಿದ ಹುರಿಯೊಂದು
ನಿನ್ನ ಭಾರವೆಷ್ಟು ಎಂದು ಕೇಳುತ್ತದೆ.
ಹೇಳುತ್ತೇನೆ.
ನಂಬುವುದಿಲ್ಲ.

ಸೆಗೆಡ್ ಊರಿನ ಟ್ರಾಲಿಬಸ್ಸು ನಡೆಸುವವಳು ನಾನು.
ಮೇಲೆ ತಂತಿ, ಕೆಳಗೆ ಪೆಡಲು,
ನಡುವೆ ಶರೋಲ್ಟಾ, ವಯಸ್ಸು ಐವತ್ತೊಂದು.
ಕಾಲು ದುಡಿದದ್ದನ್ನೆಲ್ಲ ಕೊಳದ ಟಿಕೀಟಿಗೆ ಸುರಿಯುತ್ತೀಯ
ಎಂದು ತಂಗಿ ಎಮೊಕೆಯ ಮೂದಲಿಕೆ.

ಐದೂವರೆಗೆ ಕೊಳದ ಬೀಗ ತೆಗೆಯುವ ತಿಹಾಮೇರ್
ನನ್ನ ನಡಿಗೆ ನೋಡಿ ಹವೆ ಹೇಳುತ್ತಾನೆ:
ಇವತ್ತು ಮಂಜು. ನಾಳೆ ಗಾಳಿ.
ಹತ್ತರಲ್ಲಿ ಆರು ಸಲ ಸರಿ.

ನೀರಲ್ಲಿ ಭಾರವಿಲ್ಲ, ನೋವೂ ಇರಲಿಕ್ಕಿಲ್ಲ ಬಿಡಿ
ಅನ್ನುತ್ತಾರೆ ದಡದವರು.
ಅವರಿಗೆ ಗೋಡೆ ಗೊತ್ತಿಲ್ಲ.
ಇಪ್ಪತ್ತೈದು ಮೀಟರಿಗೊಂದು ಗೋಡೆ,
ಲಾಗ ಹಾಕಿ ಒದೆಯಬೇಕು,
ಒದ್ದಾಗೊಂದು ಕಿಡಿ.
ಒದ್ದ ಮೇಲೆ ಬೆರಳುಗಳನ್ನು ಈಟಿಯ ಹಾಗೆ ಚಾಚಬೇಕು,
ಚಾಚಿದರೆ ಅದೇ ಹುರಿ, ಅದೇ ಗಂಟು.
ಹತ್ತೊಂಬತ್ತನೇ ವಯಸ್ಸಿನಲ್ಲಿ ಚಿಟ್ಟೆ ಈಜುತ್ತಿದ್ದವಳು
ಈಗ ತೊಡೆಸಂದಿಯಲ್ಲಿ ಬೆಂಡು ಸಿಕ್ಕಿಸಿಕೊಂಡು
ಕಾಲೆರಡನ್ನೂ ಹಿಂದೆ ಎಳೆಯುತ್ತೇನೆ,
ದೊಡ್ಡ ದೋಣಿಗೆ ಕಟ್ಟಿದ ಮರಿದೋಣಿಗಳಂತೆ.
ಪಕ್ಕದ ಸಾಲಿನ ಪೋರಿ ನನ್ನನ್ನು ದಾಟಿ, ನಿಂತು, ಕೇಳಿದಳು:
"ಅತ್ತೆ, ಕಾಲು ಬಡಿಯೋದು ಮರೆತೋಯ್ತಾ?"

ಮೇಜಿನ ಕಾಲಿಗೊಂದು ರಬ್ಬರು ಪಟ್ಟಿ.
ಪಾದ ಒಳಕ್ಕೆ, ಮೆಲ್ಲಗೆ ಹೊರಕ್ಕೆ,
ಮೂವತ್ತು. ವಿಶ್ರಾಂತಿ. ಮತ್ತೆ ಮೂವತ್ತು.
ವ್ಯಾಯಾಮ ಹೇಳಿಕೊಡುವ ಬೋಗ್ಲಾರ್ಕಾ ಅನ್ನುತ್ತಾಳೆ:
ಹುರಿಗೆ ಕಿವಿ ಮಂದ, ಕೂಗಿದರೆ ಕೇಳದು,
ದಿನಾ ಅದೇ ಮಾತು ಅದೇ ದನಿಯಲ್ಲಿ ಹೇಳಬೇಕು.
ಹೇಳಿ ಹೇಳಿ ಏಳು ವರ್ಷ.
ಏಳು ವರ್ಷದಲ್ಲಿ ಮಗುವೊಂದು ಕಾಗುಣಿತ ಮುಗಿಸುತ್ತದೆ.
ನನ್ನದಿನ್ನೂ ಅ, ಆ.

ಫ್ರೀಜರಿನಲ್ಲಿ ಹುಳಿ ಚೆರ್ರಿಯ ಚೀಲ, ಪಾದಕ್ಕೆಂದೇ ಮೀಸಲು.
ಎಷ್ಟು ಸಲ ಕರಗಿ ಎಷ್ಟು ಸಲ ಗಟ್ಟಿಯಾಯಿತೋ.
ಹೋದ ಬೇಸಿಗೆ ಎಮೊಕೆ ಅದನ್ನೇ ಬಗ್ಗಿಸಿ
ತಣ್ಣನೆ ಸಾರು ಮಾಡಿ, ಎರಡು ಬಟ್ಟಲು ಕುಡಿದು,
ಈ ಸಲದ ಹಣ್ಣಿಗೆ ಏನು ರುಚಿಯೇ ಅಂದಳು.
ನಾನು ತುಟಿ ಬಿಚ್ಚಲಿಲ್ಲ.

ಹೀಗಿರುತ್ತ ಒಂದು ರಾತ್ರಿ ಕರಾರಾಯಿತು, ಕಾಲೇ, ನಿನಗೂ ನನಗೂ.
ನಾನು ಗೋಡೆ ಒದೆಯುವುದಿಲ್ಲ,
ನೀನು ನಿದ್ದೆ ಕಚ್ಚುವುದಿಲ್ಲ.
ಗುರುವಾರ ನಾನೇ ಮುರಿದೆ:
ಪಕ್ಕದಲ್ಲಿ ಯಾರೋ ಜೋರಾಗಿ ಈಜಿದರು,
ಮೈಗೆ ಹಳೆಯ ನೆನಪು, ಏನು ಮಾಡಲಿ.
ಶುಕ್ರವಾರ ನೀನು ಮುರಿದೆ.
ಲೆಕ್ಕ ಚುಕ್ತಾ.

ಜುಲೈನಲ್ಲಿ ಬಾಲಾಟೋನ್ ಸರೋವರಕ್ಕೆ ಹೋದೆ.
ಗೋಡೆಯಿಲ್ಲದ ನೀರು ಎಂದು ಬಸ್ಸಿನುದ್ದಕ್ಕೂ ಜಪ.
ತೆಂಕಣ ದಡದಲ್ಲಿ ನೀರೇನೋ ಇತ್ತು,
ಆಳವೇ ಇರಲಿಲ್ಲ.
ಐನೂರು ಹೆಜ್ಜೆ ನಡೆದರೂ ಮೊಣಕಾಲು,
ಜಾರುವ ಮೆತ್ತನೆ ಕೆಸರು,
ಹೆಜ್ಜೆಗೊಮ್ಮೆ ಪಾದ ಒಳಕ್ಕೆ ವಾಲುತ್ತಿತ್ತು.
ಈಜಲು ಬಂದವಳು ನಡೆದೇ ಸಾಯಬೇಕೆ?
ಸೊಂಟದ ನೀರಲ್ಲಿ ನಿಂತು ಇಸ್ಪೀಟಾಡುವ ಸಂಸಾರಗಳ ನಡುವೆ,
ಮೊಣಕಾಲು ನೀರಿನಲ್ಲೇ ಅಂಗಾತ ಬಿದ್ದೆ,
ಮಗುಚಿದೆ,
ತಳದ ಮಣ್ಣಿಗೆ ಬೆರಳೂರಿ ಮೊಸಳೆಯಂತೆ ಎಳೆದುಕೊಂಡು ಹೋದೆ.
ಬಿಯರು ಹಿಡಿದವನೊಬ್ಬ ನಕ್ಕ. ನಗಲಿ.
ಯಾವಾಗಲೋ ಬೆರಳಿಗೆ ಮಣ್ಣು ಸಿಗಲಿಲ್ಲ.

ಆಮೇಲಿನದು ಒಂದೂವರೆ ತಾಸು.
ನೋವು ಇತ್ತು. ಇಲ್ಲವೆಂದರೆ ಸುಳ್ಳು.
ಆದರೆ ಅದು ಬಸ್ಸಿನ ಕೊನೆಯ ಸೀಟಿನಲ್ಲಿ
ಕಿಟಕಿಗೆ ಹಣೆ ಆನಿಸಿ ಕೂತ ಪ್ರಯಾಣಿಕನಂತೆ,
ಟಿಕೀಟು ಕೊಂಡಿದ್ದ, ಇಳಿಯಲಿಲ್ಲ,
ನನ್ನನ್ನು ಮಾತಾಡಿಸಲೂ ಇಲ್ಲ.

ಮರಳುವಾಗ ಹೊಟ್ಟೆಗೆ ನೆಲ ತಾಗುವವರೆಗೂ
ನಾನು ಏಳಲಿಲ್ಲ.
ದಡದಲ್ಲಿ ಚಪ್ಪಲಿಗಳು ಬಿಸಿಲು ಕಾಯುತ್ತಿದ್ದವು,
ಬಲಗಾಲಿನದು ಹಗುರ,
ಎಡಗಾಲಿನದರೊಳಗೆ
ಗಟ್ಟಿ ಬೆಂಡಿನ ಸಣ್ಣದೊಂದು ಕಮಾನು.