ಏಳನೆಯ ಕುರ್ಚಿ

ತಾರ್ತು ವಿಶ್ವವಿದ್ಯಾಲಯ, ಮೂರನೆಯ ಮಹಡಿ,
ಮಾರ್ಚ್ ತಿಂಗಳು; ಕಿಟಕಿಯ ಮೂಲೆಗಳಲ್ಲಿ ಇನ್ನೂ ಹಿಮ.
ನಾವು ಆರು ಜನ ಮೊದಲೇ ಮಾತಾಡಿಕೊಂಡಿದ್ದೆವು.
ಏಳನೆಯವನಿಗೆ ಮಾತ್ರ ಗೊತ್ತಿರಲಿಲ್ಲ.

ಆರ್ದೊ ಅವನ ಹೆಸರು. ವೊರು ಸೀಮೆಯ ಹುಡುಗ.
ಮೈಮೇಲೆ ಅಣ್ಣನ ಕೋಟು, ತೋಳು ಬೆರಳ ತುದಿಯವರೆಗೆ.
"ಕಣ್ಣಿನ ಪರೀಕ್ಷೆಯಂತೆ, ಅಲ್ಲವೇ?" ಎಂದು ನನ್ನನ್ನೇ ಕೇಳಿದ.
ಹೂಂ, ಎಂದೆ.
ಮೊದಲ ಸುಳ್ಳು ಅದು; ಅದಕ್ಕೆ ಯಾರೂ ಕಾಸು ಕೊಟ್ಟಿರಲಿಲ್ಲ.

ಬಿಳಿ ರಟ್ಟಿನ ಮೇಲೆ ಒಂದು ಗೆರೆ.
ಪಕ್ಕದ ರಟ್ಟಿನಲ್ಲಿ ಮೂರು.
ಇದರಷ್ಟೇ ಉದ್ದ ಯಾವುದು, ಹೇಳಿ.
ಹಾಲು ಕುಡಿಯುವ ಮಗುವಿಗೂ ಕಾಣುತ್ತಿತ್ತು, ಮೂರನೆಯದು.
ಎರಡು, ಎಂದ ಹೈನೊ.
ಎರಡು, ಎಂದಳು ಲೆಹ್ತೆ, ಉಗುರು ನೋಡಿಕೊಳ್ಳುತ್ತ.
ಎರಡು. ಎರಡು. ಎರಡು.
ಆರನೆಯವಳು ನಾನು. ಎರಡು ಎಂದೆ,
ಅಂಗಡಿಯಲ್ಲಿ ಉಪ್ಪು ಕೇಳುವ ದನಿಯಲ್ಲಿ.

ಆರ್ದೊ ಕಣ್ಣುಜ್ಜಿಕೊಂಡ.
ರಟ್ಟು ನೋಡಿದ, ನಮ್ಮನ್ನು ನೋಡಿದ,
ಮತ್ತೆ ನೋಡಿದ್ದು ರಟ್ಟನ್ನಲ್ಲ, ನಮ್ಮನ್ನೇ.
ಅವನ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.
ನುಂಗಿದ್ದು ಏನನ್ನು ಅಂತ
ಆಗ ಯೋಚಿಸಲಿಲ್ಲ ನಾನು.
"ಎರಡು," ಎಂದ.

ಕೊನೆಗೆ ಪ್ರೊಫೆಸರು ಗುಟ್ಟು ಬಿಚ್ಚಿದರು.
ನಾವು ಆರೂ ಜನ ನಕ್ಕೆವು.
ಅವನೂ ನಕ್ಕ.
ಟಿಪ್ಪಣಿ ಪುಸ್ತಕ ಅಷ್ಟರಲ್ಲಿ ಮುಚ್ಚಿತ್ತು,
ಆ ನಗು ಯಾವ ಲೆಕ್ಕಕ್ಕೂ ಸೇರಲಿಲ್ಲ.

*

ಈಗ ನನಗೆ ಅರವತ್ತೊಂಬತ್ತು.
ಹೂಂ ಅನ್ನುತ್ತಲೇ ಬಂದೆ. ಊರು ಚಪ್ಪಾಳೆ ತಟ್ಟಿದಾಗ ತಟ್ಟಿದೆ,
ನಿಲ್ಲಿಸಿದಾಗ ನಿಲ್ಲಿಸಿದೆ. ಬಾವುಟ ಬದಲಾಯಿತು; ಅಂಗೈ ಅದೇ.
ಮದುವೆಯೂ ಹಾಗೇ ಆಯಿತು: ಒಳ್ಳೆಯ ಹುಡುಗ ಎಂದರು ಐದು ಜನ.
ಹೋಟೆಲಿನಲ್ಲಿ ಪಕ್ಕದವಳು ಹೇಳಿದ ಸೂಪೇ ನನಗೂ.
ಬೀಟ್‌ರೂಟ್ ನನಗೆ ಸೇರದು ಅಂತ
ನಾಲ್ಕು ದಶಕ ಯಾರಿಗೂ ಗೊತ್ತಾಗಲಿಲ್ಲ,
ನನಗೂ.

ನಿದ್ದೆ ಪೂರ್ತಿ ಕೈಕೊಟ್ಟಾಗ ಕೆರ್ತು ಬಳಿಗೆ ಹೋದೆ.
ಮೊಮ್ಮಗಳ ವಯಸ್ಸಿನ ಚಿಕಿತ್ಸಕಿ, ಉಣ್ಣೆಯ ಕಾಲುಚೀಲ.
ಮೊದಲು ಉಸಿರೆಣಿಸುವುದು ಕಲಿಸಿದಳು.
ಆಮೇಲೆ ನೋಟುಬುಕ್ಕಿನ ಪುಟದ ನಡುವೆ ಗೆರೆ ಎಳೆದು
ಈ ಕಡೆ ಬಂದ ಯೋಚನೆ, ಆ ಕಡೆ ಅದಕ್ಕೆ ಸಾಕ್ಷಿ.
ಅವಳಿಗೆ ಹಿಡಿಸುವಂಥದ್ದನ್ನೇ ಬರೆದೊಯ್ದೆ.
ಮೂರನೆಯ ವಾರ ನೋಟುಬುಕ್ಕು ಮುಚ್ಚಿ
ಖಾಲಿ ಕುರ್ಚಿಯೊಂದನ್ನು ನನ್ನೆದುರಿಗೆ ಎಳೆದಳು.
"ಇಲ್ಲಿ ಯಾರು ಕೂತಿದ್ದಾರೆ?"

ಗಂಡ ಬರುತ್ತಾನೆ ಅಂದುಕೊಂಡಿದ್ದೆ, ತೀರಿಹೋದವನು. ಇಲ್ಲವೇ ಅಮ್ಮ.
ಬಂದದ್ದು ಅಣ್ಣನ ಕೋಟು.

ಏನೇನೋ ಹೇಳಿದೆ. ಮೂರನೆಯದೇ ಸರಿ ಇತ್ತು ಎಂದೆ,
ನಿನ್ನ ಕಣ್ಣಲ್ಲಿ ದೋಷವಿರಲಿಲ್ಲ ಎಂದೆ.
ಅಷ್ಟು ಹೇಳಲು ನಲವತ್ತೇಳು ವರ್ಷ.
"ಈಗ ಅಲ್ಲಿ ಕೂರಿ. ಅವನಾಗಿ ಉತ್ತರಿಸಿ."
ಮಂಡಿ ನೋವು; ಎದ್ದು ಆ ಕಡೆ ಕೂತೆ.
ಅಲ್ಲಿಂದ ಕಂಡದ್ದು ಆರು ಮುಖ,
ಆರನೆಯದು ತೀರ ಎಳೆಯದು, ಬಿಳಚಿಕೊಂಡದ್ದು,
ಐದನೆಯವನ ತುಟಿಯನ್ನೇ ನೋಡುತ್ತಿದ್ದದ್ದು.
ನನ್ನ ಬಾಯಿ ತಾನಾಗಿ ಕೇಳಿತು:
"ನಿನಗೆ ಎಷ್ಟು ಕೊಟ್ಟರು?"
ಈ ಕಡೆ ಬಂದು ಹೇಳಿದೆ: ಮೂರು ರೂಬಲ್.
ಮತ್ತೆ ಆ ಕಡೆ.
"ನನಗೂ ಅಷ್ಟೇ."

"ಹಗುರಾಯಿತೇ?" ಎಂದು ಕೇಳಿದಳು ಕೆರ್ತು.
ಹೂಂ ನಾಲಿಗೆಯ ತುದಿಗೆ ಬಂದಿತ್ತು.
"ಇಲ್ಲ," ಎಂದೆ.
ಅವಳ ಮುಖ ಅರಳಿತು.
ಅವಳಿಗೆ ಬೇಕಿದ್ದ ಉತ್ತರ ಅದೇ ಇದ್ದಿರಬಹುದು,
ಮೆಟ್ಟಿಲಿಳಿಯುವಾಗ ಹೊಳೆದು ನಗು ಬಂತು.
ಒಬ್ಬಳೇ ನಕ್ಕೆ.

ಎಮಾಯೊಗಿಯ ದಂಡೆಗೆ ಬಂದೆ; ತಾಯಿಹೊಳೆ ಅನ್ನುತ್ತೇವೆ ನಾವು.
ನೀರಲ್ಲಿ ದೋಣಿ ಕಟ್ಟುವ ಗೂಟ ಎರಡು.
ಬಾತುಕೋಳಿಯೊಂದನ್ನು ಬಿಟ್ಟರೆ ಹತ್ತಿರ ಯಾರೂ ಇರಲಿಲ್ಲ.
"ಎಡಗಡೆಯದು ಗಿಡ್ಡ," ಎಂದೆ, ಗಟ್ಟಿಯಾಗಿ.
ಬಾತುಕೋಳಿ ಒಪ್ಪಲೂ ಇಲ್ಲ,
ಅಲ್ಲಗಳೆಯಲೂ ಇಲ್ಲ.